ಜೆ.ಸಿ. ರಸ್ತೆಯಲ್ಲಿ ತಂಪಿನ ತೂಕ

ಬೆಂಗಳೂರಿಗೆ ಬರುವ ನಮ್ಮ ಕರಾವಳಿಯವರು ಲಾಲ್‌ಬಾಗ್ ನೋಡುತ್ತಾರೆ, ವಿಧಾನ ಸೌಧದ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ, ಚಿಕ್ಕಪೇಟೆಯಲ್ಲಿ ಮದುವೆ ಬಟ್ಟೆ ಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ಜೆ.ಸಿ. ರಸ್ತೆಯನ್ನು ನೋಡಲೆಂದೇ ಯಾರೂ ಬರುವುದಿಲ್ಲ. ಕಲಾಸಿಪಾಳ್ಯದಲ್ಲಿ ಬಸ್ಸಿಳಿದು ಅದರ ಪಕ್ಕದಲ್ಲೇ ಹಾದುಹೋಗಿದ್ದರೂ ನಿಮಗದು ನೆನಪಿರಲಿಕ್ಕಿಲ್ಲ. ಆದರೆ ನಿಮ್ಮಲ್ಲಿ ಒಂದು ಹಳೆಯ ಕಾರಿದ್ದರೆ, ಅದಕ್ಕೆ ಕಂಪೆನಿಯಿಂದ ಎಸಿ ಬಂದಿರದಿದ್ದರೆ, ಮಾರ್ಚ್ ತಿಂಗಳು ಕಾಲಿಟ್ಟೊಡನೆ ಮನೆಯ ಹಿರಿಯರು ಹಿಂದಿನ ಸೀಟಿನಲ್ಲಿ ಬೆವರಿ ತೋಯುತ್ತಿದ್ದರೆ, ಒಂದು ದಿನ ಬಿಡುವು ಮಾಡಿಕೊಂಡು ನನ್ನ ಜೊತೆ ಈ ರಸ್ತೆಗೆ ಬನ್ನಿ.

ಪೂರ್ತಿ ಹೆಸರು ಜಯಚಾಮರಾಜೇಂದ್ರ ರಸ್ತೆ. ಮೈಸೂರಿನ ಕೊನೆಯ ಮಹಾರಾಜರ ಹೆಸರು. ಒಂದು ತುದಿಯಲ್ಲಿ 1935ರಲ್ಲಿ ತೆರೆದ ಟೌನ್ ಹಾಲ್, ಇನ್ನೊಂದು ತುದಿಯಲ್ಲಿ ಮಿನರ್ವ ಸರ್ಕಲ್. ನಡುವೆ ಕವಿ ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ. ಒಳಗೆ ನಾಟಕ, ಸಂಗೀತ. ಹೊರಗೆ ನೋಡಿದರೆ ಹಾರ್ನ್, ಸೀಟ್ ಕವರ್, ಬೇರಿಂಗ್, ಗಾಜು, ಸ್ಪೀಕರ್, ಡಿಕ್ಕಿಯ ರಬ್ಬರ್! ಕಾರೊಂದು ಸ್ವಲ್ಪ ನಿಧಾನವಾದರೆ ಸಾಕು, ನಾಲ್ಕು ಹುಡುಗರು ಓಡಿ ಬಂದು ಕಿಟಕಿಗೆ ಮುಖವಿಟ್ಟು, "ಏನ್ ಬೇಕು ಸಾರ್, ಫಿಲ್ಮಾ, ಮ್ಯಾಟಾ, ಎಸಿಯಾ?" ಎಂದು ಕೇಳುತ್ತಾರೆ. ಫುಟ್‌ಪಾತ್ ನಡೆಯುವವರಿಗಲ್ಲ, ಸೀಟು ಬಿಚ್ಚಿಡುವವರಿಗೆ ಎಂದು ಇಲ್ಲಿ ಯಾವತ್ತೋ ತೀರ್ಮಾನವಾಗಿದೆ.

ಮುಖ್ಯ ರಸ್ತೆಯ ಅಂಗಡಿಗಳಲ್ಲಿ ವ್ಯಾಪಾರ ನಡೆಯುತ್ತದೆ. ಕೆಲಸ ನಡೆಯುವುದು ಹಿಂದಿನ ಗಲ್ಲಿಗಳಲ್ಲಿ. ಅಲ್ಲೊಂದು ಕಡೆಗೆ ಕುಂಬಾರಗುಂಡಿ ಎಂಬ ಹೆಸರಿದೆ. ಒಂದು ಕಾಲದಲ್ಲಿ ಮಡಕೆ ಮಾಡುವವರಿದ್ದ ಜಾಗವೆಂದು ಹೆಸರೇ ಹೇಳುತ್ತದೆ. ಈಗ ಅಲ್ಲಿ ಜೇಡಿಮಣ್ಣಿಲ್ಲ, ಕಪ್ಪು ಎಣ್ಣೆ ಹೀರಿದ ಮಣ್ಣು. ಆದರೆ ನನಗೆ ಆ ಹೆಸರು ಅಲ್ಲಿಗೆ ಬಹಳ ಒಪ್ಪುತ್ತದೆ ಎನಿಸಿತು. ಏಕೆಂದರೆ ಕಾರಿನ ಎಸಿ ಮಾಡುವ ಕೆಲಸವನ್ನೇ ನಮ್ಮ ಮನೆಯ ಮೂಲೆಯಲ್ಲಿ ಮಣ್ಣಿನ ಹೂಜಿ ಸದ್ದಿಲ್ಲದೆ ಮಾಡುತ್ತಿತ್ತು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತದೆ. ಆವಿಯಾಗಲು ಅದಕ್ಕೆ ಶಾಖ ಬೇಕು. ಆ ಶಾಖವನ್ನು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಇಂಜೆಕ್ಷನ್ ಚುಚ್ಚುವ ಮೊದಲು ನರ್ಸ್ ಸ್ಪಿರಿಟ್ ಒರೆಸಿದಾಗ ತೋಳು ತಣ್ಣಗಾಗುವುದೂ ಇದರಿಂದಲೇ.

ಕಾರಿನ ಎಸಿಯಲ್ಲಿ ನೀರಿನ ಬದಲು ಮೈನಸ್ 26 ಡಿಗ್ರಿಯಲ್ಲೇ ಕುದಿಯುವ ಒಂದು ದ್ರವವಿದೆ. ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಕುದಿಯುತ್ತದೆ, ಕುದಿಯುತ್ತಾ ಕಾರಿನೊಳಗಿನ ಗಾಳಿಯ ಬಿಸಿಯನ್ನು ಹೀರುತ್ತದೆ. ಹಾಗೆ ಗ್ಯಾಸಾದುದನ್ನು ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಎಳೆದು ಒತ್ತುತ್ತದೆ. ಒತ್ತಿದಾಗ ಅದು ಬಿಸಿಯಾಗುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಡ್ರೈಯರ್ ಎಂಬ ಸಣ್ಣ ಡಬ್ಬಿಯಲ್ಲಿ ತೇವ ಕಳೆದುಕೊಂಡು, ಸೂಜಿಯಂತಹ ಕಂಡಿಯ ವಾಲ್ವ್ ಮೂಲಕ ಪುನಃ ಕೂಲಿಂಗ್ ಕಾಯಿಲ್ ಸೇರುತ್ತದೆ. ಎಸಿ ಒಳಗೆ ತಂಪನ್ನು ತರುವುದಿಲ್ಲ, ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಅದೇ ಗ್ಯಾಸು ಸುತ್ತಿ ಸುತ್ತಿ ಬರುತ್ತದೆ. ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಇದರ ಅಗತ್ಯವಿದೆ.

ನಾನು ಅಲ್ಲಿಗೆ ಹೋದದ್ದು 2024ರ ಏಪ್ರಿಲ್ ಕೊನೆಯ ವಾರ. ಬೆಂಗಳೂರಿನ ತಾಪಮಾನ 38 ಡಿಗ್ರಿ ದಾಟಿದ ವಾರವದು. ಊರಿನಿಂದ ಬೇರೆ ಕೆಲಸಕ್ಕೆ ಬಂದಿದ್ದ ಭಾವ ಕಾರು ತಂದಿದ್ದರು. 2012ರ ಮಾರುತಿ 800, ಎಸಿ ಇಲ್ಲದ ಮಾದರಿ. ಎಸಿಯನ್ನು ಆಮೇಲೆ ಊರಿನ ಕಡೆಯ ಒಂದು ಅಂಗಡಿಯಲ್ಲಿ ಹಾಕಿಸಿದ್ದು. ಉಮ್ಮನಿಗಾಗಿ ಹಾಕಿಸಿದ್ದು.

ಉಮ್ಮ ಅಕ್ಕ-ಭಾವನ ಜೊತೆ ಉಪ್ಪಿನಂಗಡಿ ಸಮೀಪ ಇರುತ್ತಾರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಬೇಕು. ಆ ಹೆದ್ದಾರಿಯಲ್ಲಿ ಆಗ ಓಡಾಡಿದವರಿಗೆ ನಾನು ಹೇಳಬೇಕಾದುದಿಲ್ಲ. ಕಲ್ಲಡ್ಕದಲ್ಲಿ ಮೇಲ್ಸೇತುವೆ ಕೆಲಸ, ಅತ್ತ ಇತ್ತ ಚತುಷ್ಪಥದ ಅಗೆತ. ಕಿಟಕಿ ತೆರೆದರೆ ದೂಳು, ಮುಚ್ಚಿದರೆ ಒಲೆ. ಬೇರೆಯವರಾದರೆ ಬಾಟಲಿ ತೆರೆದು ಎರಡು ಗುಟುಕು ನೀರು ಕುಡಿಯಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಆ ಸ್ವಾತಂತ್ರ್ಯವೂ ಇಲ್ಲ. ದಿನಕ್ಕೆ ಎಷ್ಟು ನೀರು ಎಂಬುದನ್ನು ವೈದ್ಯರು ಅಳೆದು ಹೇಳಿರುತ್ತಾರೆ. ಆ ಬಿಸಿಯಲ್ಲಿ ಬಾಯಾರಿಕೆಯನ್ನು ನುಂಗಿಕೊಂಡು ಕುಳಿತ ಉಮ್ಮನನ್ನು ಕನ್ನಡಿಯಲ್ಲಿ ನೋಡುತ್ತಾ ಗಾಡಿ ಓಡಿಸುವುದು ತನ್ನಿಂದಾಗುವುದಿಲ್ಲ ಎಂದು ಭಾವ ಎಸಿ ಹಾಕಿಸಿದ್ದರು.

ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ತಂಪು ಹೋಯಿತು. ಅಂಗಡಿಯವರು "ಗ್ಯಾಸ್ ಖಾಲಿ" ಎಂದು ಒಂದು ಡಬ್ಬಿ ಹಾಕಿದರು. ಎರಡು ತಿಂಗಳು ನಡೆಯಿತು. ಮತ್ತೆ ಒಂದು ಡಬ್ಬಿ, ಒಂದು ತಿಂಗಳು. ಮೂರನೆಯ ಡಬ್ಬಿ ಹಾಕಿದ ಮೇಲೆ ಹದಿನೈದೇ ದಿನ. ಪ್ರತಿ ಸಲವೂ ಹಣ ಎಣಿಸಿದ್ದೇ ಎಣಿಸಿದ್ದು.

ಗಲ್ಲಿಯ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿಯನ್ನು ಅಲ್ಲಿಯ ಹುಡುಗರು ಉಸ್ತಾದ್ ಎಂದೇ ಕರೆಯುತ್ತಾರೆ. ನಮ್ಮೂರಲ್ಲಿ ಮದ್ರಸದಲ್ಲಿ ಕಲಿಸುವವನೂ ಉಸ್ತಾದನೇ. ಒಳಗಿನಿಂದ ಹುಡುಗನೊಬ್ಬ "ಉಸ್ತಾದ್!" ಎಂದು ಕೂಗಿದಾಗ ನಾವಿಬ್ಬರೂ ಒಟ್ಟಿಗೆ ತಿರುಗಿದೆವು. ಅವರು ನಗುತ್ತಾ, "ನೀವು ಕೂತ್ಕೊಳ್ಳಿ ಮೌಲಾನಾ, ಇಲ್ಲಿ ನನ್ನನ್ನ ಕರೆದಿದ್ದು" ಎಂದರು. ಹನ್ನೊಂದು ವರ್ಷ ದಮ್ಮಾಮ್‌ನಲ್ಲಿ ಇದೇ ಕೆಲಸ ಮಾಡಿ ಬಂದವರು. ಭಾವನ ಕತೆಯನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು: "ಗ್ಯಾಸ್ ಏನು ಪೆಟ್ರೋಲಾ ಸಾಬ್, ಖರ್ಚಾಗೋಕೆ? ಹೋಗಿದೆ ಅಂದ್ರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ಹಾಕೋದು ತಳ ಒಡೆದ ಕೊಡಕ್ಕೆ ನೀರು ಹಾಕಿದ ಹಾಗೆ."

ಓದುಗರೇ, ಇದನ್ನು ಕೇಳಲಿಕ್ಕಾಗಿಯೇ ಅಷ್ಟು ದೂರ ಹೋದದ್ದು ಸಾರ್ಥಕವೆನಿಸಿತು. ಅದೇ ಗ್ಯಾಸು ಸುತ್ತಿ ಬರುತ್ತದೆ ಎಂದು ಮೇಲೆ ಹೇಳಿದೆನಲ್ಲ. ವರ್ಷಗಳಲ್ಲಿ ರಬ್ಬರ್ ಪೈಪಿನಿಂದ, ಕಂಪ್ರೆಸರಿನ ಸೀಲಿನಿಂದ ತುಸು ಸೋರುವುದುಂಟು. ಆದರೆ ತಿಂಗಳಿಗೊಂದು ಡಬ್ಬಿ ಕುಡಿಯುವ ಎಸಿ ಯಾವುದೂ ಇಲ್ಲ.

ಅವರು ಮೊದಲು ಮಾಡಿದ್ದು ಎಂಜಿನ್ ನಿಲ್ಲಿಸಿ ಎರಡು ಗೇಜುಗಳನ್ನು ಜೋಡಿಸಿದ್ದು. ನೀಲಿ ಪೈಪು ಕಡಿಮೆ ಒತ್ತಡದ ಬದಿಗೆ, ಕೆಂಪು ಹೆಚ್ಚಿನ ಒತ್ತಡದ ಬದಿಗೆ, ನಡುವಿನ ಹಳದಿ ಪೈಪು ಡಬ್ಬಿಗೆ ಅಥವಾ ಪಂಪಿಗೆ. ಎರಡೂ ಮುಳ್ಳು 40 ಪೌಂಡ್ ತೋರಿಸಿದವು. ಉಸ್ತಾದ್ ತಲೆಯಾಡಿಸಿದರು. ಒಳಗೆ ದ್ರವವಿದ್ದರೆ ಅಂದಿನ ಬೆಳಗಿನ 30 ಡಿಗ್ರಿಗೆ ಸುಮಾರು 100 ಪೌಂಡ್ ಇರಬೇಕಿತ್ತು.

ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಬೇಕು. ನಿಂತ ಎಸಿಯಲ್ಲಿ ಗೇಜಿನ ಮುಳ್ಳು 100 ತೋರಿಸಿದರೆ ಗ್ಯಾಸು ಸರಿಯಾಗಿದೆ ಎಂದರ್ಥವಲ್ಲ. ಒಳಗೆ ಎರಡು ಚಮಚ ದ್ರವ ಉಳಿದಿದ್ದರೂ 30 ಡಿಗ್ರಿಯಲ್ಲಿ ಅಷ್ಟೇ ಒತ್ತಡ, ಅರ್ಧ ಕಿಲೋ ಇದ್ದರೂ ಅಷ್ಟೇ. ಅಡುಗೆಯ ಸಿಲಿಂಡರಿನ ಹಾಗೆ. ಅದು ತುಂಬಿದ್ದಾಗಲೂ ಮುಗಿಯುತ್ತಾ ಬಂದಾಗಲೂ ಒಲೆಯ ಉರಿ ಒಂದೇ ತರಹ. ಎಷ್ಟು ಉಳಿದಿದೆ ಎಂದು ತಿಳಿಯಲು ನಮ್ಮ ಹೆಂಗಸರು ಸಿಲಿಂಡರನ್ನು ಅಲ್ಲಾಡಿಸಿ, ಎತ್ತಿ ನೋಡುತ್ತಾರೆ. ಅಂದರೆ ತೂಕ ನೋಡುತ್ತಾರೆ. ಎಸಿ ಗ್ಯಾಸನ್ನೂ ತೂಗಿಯೇ ಹಾಕಬೇಕು. ಊರಿನ ಅಂಗಡಿಯಲ್ಲಿ ಡಬ್ಬಿ ಲೆಕ್ಕದಲ್ಲಿ ಹಾಕಿದ್ದರು. ಒಳಗೆ ಮೊದಲೇ ಎಷ್ಟಿತ್ತು, ಡಬ್ಬಿಯಲ್ಲಿ ಎಷ್ಟು ಉಳಿಯಿತು, ಪೈಪಿನ ಗಾಳಿ ಎಷ್ಟು ಸೇರಿತು, ಇದರ ಲೆಕ್ಕ ಯಾರ ಬಳಿಯೂ ಇಲ್ಲ.

ಉಳಿದಿದ್ದ ಗ್ಯಾಸನ್ನು ಅವರು ಗಾಳಿಗೆ ಬಿಡಲಿಲ್ಲ. ಒಂದು ಸಣ್ಣ ಯಂತ್ರದಿಂದ ಎಳೆದು ಖಾಲಿ ಸಿಲಿಂಡರಿಗೆ ತುಂಬಿಕೊಂಡರು. ಎಲ್ಲರೂ ಹೀಗೆ ಮಾಡುವುದಿಲ್ಲ ಎಂಬುದು ಗಲ್ಲಿಯಲ್ಲಿ ಆಗಾಗ ಕೇಳುತ್ತಿದ್ದ 'ಸುಂಯ್' ಎಂಬ ಸದ್ದಿನಿಂದಲೇ ತಿಳಿಯುತ್ತಿತ್ತು. ಹಳೆಯ ಕಾರುಗಳಲ್ಲಿ ಆರ್-12 ಎಂಬ ಗ್ಯಾಸಿತ್ತು. ಅದು ಆಕಾಶದ ಓಝೋನ್ ಪದರವನ್ನು ತಿನ್ನುತ್ತದೆ ಎಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದದಂತೆ ಜಗತ್ತು ಅದನ್ನು ಕೈಬಿಟ್ಟಿತು. ಬದಲಿಗೆ ಬಂದದ್ದು ಈಗಿನ ಆರ್-134ಎ. ಇದು ಓಝೋನನ್ನು ಮುಟ್ಟುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ಮುನ್ನೂರು ಪಟ್ಟಿಗೂ ಮೇಲು. ಮಾರುಕಟ್ಟೆಯಲ್ಲಿ ಸಿಗುವ 450 ಗ್ರಾಮಿನ ಒಂದು ಡಬ್ಬಿ ಸೋರಿಹೋದರೆ 250 ಲೀಟರಿಗೂ ಹೆಚ್ಚು ಪೆಟ್ರೋಲ್ ಸುಟ್ಟಷ್ಟು ಹೊರೆ. ಅಷ್ಟು ಪೆಟ್ರೋಲಿನಲ್ಲಿ ಭಾವನ ಮಾರುತಿ ಕಾಶ್ಮೀರದಿಂದ ಕನ್ಯಾಕುಮಾರಿಗೆ ತಲುಪೀತು! ಇಂತಹ ಗ್ಯಾಸುಗಳನ್ನು ಕಡಿಮೆ ಮಾಡುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ನೀಡಿದೆ. ನಮ್ಮ ದೇಶದ ಕಡಿತ 2032ರಿಂದ ಆರಂಭವಾಗಬೇಕು. ಅಲ್ಲಿಯ ತನಕ ತೂತು ಮುಚ್ಚುವುದಾದರೂ ನಮ್ಮ ಕೈಯಲ್ಲಿದೆ.

ತೂತು ಹುಡುಕುವುದು ತಾಳ್ಮೆಯ ಕೆಲಸ. ಖಾಲಿಯಾದ ಪೈಪುಗಳಿಗೆ ಒಣ ನೈಟ್ರೋಜನ್ ತುಂಬಿ 150 ಪೌಂಡಿಗೆ ನಿಲ್ಲಿಸಿದರು. ಟಯರಿಗೆ ಹಾಕುವ ಕಂಪ್ರೆಸರ್ ಗಾಳಿಯನ್ನು ಹಾಕಬಾರದು, ಅದರಲ್ಲಿ ತೇವವಿರುತ್ತದೆ. ಆಕ್ಸಿಜನ್ ಸಿಲಿಂಡರಿನ ಹತ್ತಿರವಂತೂ ಹೋಗಲೇಬಾರದು. ಎಣ್ಣೆಯೊಡನೆ ಸೇರಿ ಸ್ಫೋಟಿಸುತ್ತದೆ. ನಂತರ ಹುಡುಗ ಸೋಪು ನೀರಿನ ಬಟ್ಟಲು, ಬ್ರಶ್ಶು ತಂದ. ಉಸ್ತಾದ್ ಬ್ರಶ್ಶು ಹಚ್ಚುವ ಮೊದಲು ಕಣ್ಣಿನಿಂದಲೇ ಹುಡುಕಿದರು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸು ಹೊರಬಿದ್ದಲ್ಲಿ ಎಣ್ಣೆಯೂ ಜಿನುಗಿ, ಅದಕ್ಕೆ ದೂಳು ಮೆತ್ತಿಕೊಳ್ಳುತ್ತದೆ. ಕಂಪ್ರೆಸರಿಗೆ ಪೈಪು ಸೇರುವ ಜಾಗದಲ್ಲಿ ಅಂತಹ ಕಪ್ಪು ಕೆಸರಿತ್ತು. ಒರೆಸಿ ಸೋಪು ನೀರು ಹಚ್ಚಿದರು. ಏನೂ ಇಲ್ಲ. ಭಾವ ಬೇರೆ ಕಡೆ ನೋಡಿ ಎಂದರು. ಉಸ್ತಾದ್ ಅಲುಗಾಡಲಿಲ್ಲ. ಒಂದೂವರೆ ನಿಮಿಷವಾದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ. ಅದರ ಪಕ್ಕ ಇನ್ನೊಂದು. ನೋಡುತ್ತಿದ್ದಂತೆ ಜೇನುಗೂಡಿನಂತೆ ಬಿಳಿ ನೊರೆ.

ಬಿಚ್ಚಿದಾಗ ಕಂಡದ್ದು ಚಪ್ಪಟೆಯಾಗಿ ಬಿರುಕು ಬಿಟ್ಟ ಕಪ್ಪು ರಬ್ಬರ್ ರಿಂಗು. ನೀರಿನ ನಲ್ಲಿಗೆ ಹಾಕುವಂಥದ್ದು. ಈ ಗ್ಯಾಸಿಗೂ ಅದರ ಎಣ್ಣೆಗೂ ತಡೆಯುವ ರಬ್ಬರೇ ಬೇರೆ, ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ಬರುತ್ತದೆ. ಬೆಲೆಯಲ್ಲಿ ಕೆಲವೇ ರೂಪಾಯಿಗಳ ವ್ಯತ್ಯಾಸ! ಅಷ್ಟಕ್ಕಾಗಿ ಉಮ್ಮ ಎರಡು ಬೇಸಿಗೆ ಕಲ್ಲಡ್ಕದ ದೂಳು ಕುಡಿದಿದ್ದರು. ಭಾವ ಆ ರಿಂಗನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ.

ಹೊಸ ರಿಂಗಿಗೆ ಎಣ್ಣೆ ಸವರಿ ಕೂರಿಸಿದರು. ಡ್ರೈಯರನ್ನೂ ಬದಲಾಯಿಸಿದರು, ಅದರೊಳಗಿನ ತೇವ ಹೀರುವ ಕಾಳುಗಳು ಇಷ್ಟು ದಿನದ ಗಾಳಿ ಕುಡಿದು ತುಂಬಿಹೋಗಿರುತ್ತವೆ. ಸೋರಿದ ಎಣ್ಣೆಗೆ ಬದಲು ಹೊಸ ಎಣ್ಣೆ ಅಳೆದು ಹಾಕಿ ಡಬ್ಬಿಯ ಮುಚ್ಚಳವನ್ನು ತಕ್ಷಣ ಬಿಗಿದರು. ಆ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆಯಂತೆ, ಮಳೆಗಾಲದ ಉಪ್ಪಿನ ಹಾಗೆ. ಮತ್ತೆ ನೈಟ್ರೋಜನ್, ಮತ್ತೆ ಸೋಪು ನೀರು. ಈ ಸಲ ಗುಳ್ಳೆ ಬರಲಿಲ್ಲ.

ಆಮೇಲಿನದು ವ್ಯಾಕ್ಯೂಮ್. ಪಂಪ್ ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಹೀರುವುದು. ಇದು ಗಾಳಿಗಾಗಿ ಮಾತ್ರವಲ್ಲ, ನೀರಿಗಾಗಿಯೂ. ಒಳಗೆ ಒಂದು ಹನಿ ನೀರು ಉಳಿದರೂ ಆ ಸೂಜಿ ಕಂಡಿಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ, ಗ್ಯಾಸಿನ ಜೊತೆ ಸೇರಿ ಆಮ್ಲವಾಗಿ ಲೋಹವನ್ನು ಕೊರೆಯುತ್ತದೆ. ಒಳಗಿನ ನೀರನ್ನು ಒರೆಸುವುದು ಹೇಗೆ? ಕುದಿಸಿ ಓಡಿಸುವುದು! ಬೆಂಕಿಯಿಲ್ಲದೆ. ಗಾಳಿಯ ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆ. ಬೆಂಗಳೂರಿನಲ್ಲೇ ನೀರು 97 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ, ಏಕೆಂದರೆ ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಪಂಪ್ ಒತ್ತಡವನ್ನು ಪೂರ್ತಿ ಇಳಿಸಿದಾಗ ಅದೇ ನೀರು ಕೋಣೆಯ ಬಿಸಿಗೇ ಕುದಿದು ಆವಿಯಾಗಿ ಪಂಪಿನಿಂದ ಹೊರಹೋಗುತ್ತದೆ. ಬಿ.ಎ.ಗೆ ಇತಿಹಾಸ ಓದಿದ ನನಗೆ ಇದನ್ನು ಕೇಳಿ ಸುಬ್ಹಾನಲ್ಲಾಹ್ ಎನ್ನದಿರಲಾಗಲಿಲ್ಲ.

ಗೇಜು 27ಕ್ಕೆ ಇಳಿದು ನಿಂತಿತು. ಭಾವನಿಗೆ ಅನುಮಾನ. ಮಂಗಳೂರಿನಲ್ಲಿ ಅವರು ನೋಡಿದಾಗ 29 ದಾಟಿತ್ತಂತೆ. ಪಂಪ್ ದುರ್ಬಲವೋ? ಉಸ್ತಾದ್ ಹೇಳಿದರು, "ಅದು ನಿಮ್ಮ ಸಮುದ್ರದ ಲೆಕ್ಕ ಸಾಬ್. ಇಲ್ಲಿ ಗಾಳಿಯೇ ತೆಳು." ನಿಜ. ಸಮುದ್ರ ತೀರದಲ್ಲಿ ಗಾಳಿಯ ಭಾರ ಪಾದರಸದ ಲೆಕ್ಕದಲ್ಲಿ ಸುಮಾರು 29.9 ಇಂಚು. ಬೆಂಗಳೂರಿನಲ್ಲಿ ಇರುವುದೇ ಸುಮಾರು 27 ಇಂಚು. ಇಲ್ಲದ್ದನ್ನು ಹೀರಲು ಯಾವ ಪಂಪಿಗೂ ಸಾಧ್ಯವಿಲ್ಲ. ಘಟ್ಟದ ಮೇಲೆ ಎಸಿ ಮಾಡಿಸುವವರು ಇದನ್ನು ತಿಳಿದಿದ್ದರೆ ಮೇಸ್ತ್ರಿಯೊಡನೆ ಸುಮ್ಮನೆ ಜಗಳಾಡುವುದು ತಪ್ಪುತ್ತದೆ.

ಮುಕ್ಕಾಲು ಗಂಟೆ ಪಂಪ್ ತಿರುಗಬೇಕು. ಹೆಚ್ಚಿನವರು ಅವಸರ ಮಾಡುವುದು ಇಲ್ಲಿಯೇ. ಗಿರಾಕಿ ವಾಚು ನೋಡುತ್ತಾನೆ, ಮೇಸ್ತ್ರಿ ಹತ್ತೇ ನಿಮಿಷಕ್ಕೆ ಪಂಪ್ ಆರಿಸುತ್ತಾನೆ. ನಮ್ಮ ಉಸ್ತಾದ್ ಪಂಪನ್ನು ಹುಡುಗನಿಗೆ ಒಪ್ಪಿಸಿ, "ಬನ್ನಿ, ಝುಹರ್ ಮುಗಿಸಿ ಬರೋಣ" ಎಂದರು. ಹತ್ತಿರದ ಮಸೀದಿಯಲ್ಲಿ ನಮಾಝ್ ಮುಗಿಸಿ, ಗಲ್ಲಿಯ ತುದಿಯ ಹೋಟೆಲಿನಲ್ಲಿ ಊಟ ಮಾಡಿ ಬಂದೆವು. ಆಗ ಅವರು ಗೇಜಿನ ವಾಲ್ವುಗಳನ್ನು ಮುಚ್ಚಿ ಪಂಪ್ ಆರಿಸಿದರು. ಮುಳ್ಳು ನಿಂತಲ್ಲೇ ನಿಲ್ಲಬೇಕು, ಅದೂ ಅರ್ಧ ಗಂಟೆ. ಮೇಲೆ ಬಂದರೆ ಎಲ್ಲೋ ಸೋರಿಕೆ ಇದೆ ಅಥವಾ ನೀರು ಉಳಿದಿದೆ. ವ್ಯಾಕ್ಯೂಮ್ ನಿಂತಿತೆಂದು ಮಾತ್ರಕ್ಕೆ ನೈಟ್ರೋಜನ್ ಪರೀಕ್ಷೆ ಬೇಡ ಎನ್ನುವಂತಿಲ್ಲ. ಹೊರಗಿನ ಗಾಳಿ ಒಳಗೆ ಒತ್ತುವಾಗ ಮುಚ್ಚಿಕೊಳ್ಳುವ ಬಿರುಕು, ಒಳಗಿನಿಂದ 200 ಪೌಂಡ್ ಒತ್ತಿದಾಗ ಬಾಯಿ ತೆರೆಯಬಹುದು. ಆದ್ದರಿಂದ ಎರಡೂ ಬೇಕು.

ಮುಳ್ಳು ಅಲುಗಲಿಲ್ಲ. ಆಗ ಹುಡುಗ ತಕ್ಕಡಿ ತಂದ. ತರಕಾರಿ ಅಂಗಡಿಯಲ್ಲಿರುವಂತಹ ಎಲೆಕ್ಟ್ರಾನಿಕ್ ತಕ್ಕಡಿ, ಆದರೆ ಗ್ರಾಂ ಗ್ರಾಂ ತೋರಿಸುವಂಥದ್ದು. ಅದರ ಮೇಲೆ ಗ್ಯಾಸಿನ ಸಿಲಿಂಡರ್. ಕಂಪೆನಿಯ ಎಸಿ ಇರುವ ಕಾರಿನಲ್ಲಿ ಎಷ್ಟು ಗ್ರಾಂ ಎಂದು ಬಾನೆಟ್ಟಿನ ಕೆಳಗೆ ಚೀಟಿ ಅಂಟಿಸಿರುತ್ತಾರೆ. ಹೊರಗೆ ಹಾಕಿಸಿದ ಎಸಿಗೆ ಅಂತಹ ಚೀಟಿ ಇಲ್ಲ. ಕಂಡೆನ್ಸರ್ ಒಬ್ಬರದು, ಕಾಯಿಲ್ ಇನ್ನೊಬ್ಬರದು, ಪೈಪಿನ ಉದ್ದ ಹಾಕಿದವನ ಇಷ್ಟ. ಉಸ್ತಾದರ ಬಳಿ ಒಂದು ಹಳೆಯ ಲೆಕ್ಕದ ಪುಸ್ತಕವಿದೆ. ಯಾವ ಕಾರು, ಯಾವ ಕಿಟ್, ಎಷ್ಟು ಗ್ರಾಂ, ಅಂದಿನ ಬಿಸಿಲೆಷ್ಟು ಎಂದು ಉರ್ದುವಿನಲ್ಲಿ ಬರೆದಿಟ್ಟಿದ್ದಾರೆ. ಇಂತಹ ಕಿಟ್‌ಗೆ ಅದರಲ್ಲಿ 500 ಗ್ರಾಂ ಎಂದಿತ್ತು. ಆದರೆ ಅವರು ಅಷ್ಟನ್ನೂ ಒಮ್ಮೆಗೆ ಹಾಕಲಿಲ್ಲ. ಪೈಪಿನೊಳಗಿನ ಗಾಳಿಯನ್ನು ಮೊದಲು ಹೊರಗೆ ತಳ್ಳಿ, ಕನ್ನಡಕ ಮತ್ತು ಕೈಗವಸು ಹಾಕಿಕೊಂಡು (ಈ ದ್ರವ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು), ಎಂಜಿನ್ ನಿಲ್ಲಿಸಿಯೇ ಒಂದಷ್ಟು ಬಿಟ್ಟರು. ನಂತರ ಕೆಂಪು ವಾಲ್ವನ್ನು ಬಿಗಿಯಾಗಿ ಮುಚ್ಚಿ, ಎಂಜಿನ್ ಚಾಲೂ ಮಾಡಿಸಿ, ನೀಲಿ ಬದಿಯಿಂದ ಗ್ಯಾಸಿನ ರೂಪದಲ್ಲಿ ನಿಧಾನವಾಗಿ ಕೊಟ್ಟರು. ಎಂಜಿನ್ ಓಡುವಾಗ ಕೆಂಪು ವಾಲ್ವ್ ತೆರೆದರೆ ಒತ್ತಡ ಹಿಂದಕ್ಕೆ ಹರಿದು ಡಬ್ಬಿಯೇ ಸಿಡಿಯಬಹುದು. ತಕ್ಕಡಿಯಲ್ಲಿ 400 ಗ್ರಾಂ ಇಳಿದಾಗ ನಿಲ್ಲಿಸಿದರು.

ಪರೀಕ್ಷೆ ಆರಂಭವಾದದ್ದು ಅಲ್ಲಿಂದ. ಕಾರನ್ನು ಬಯಲಿಗೆ ತಂದರು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯ ವಿಷಾನಿಲ ಸದ್ದಿಲ್ಲದೆ ಕೊಲ್ಲುತ್ತದೆ. ಬಾನೆಟ್ಟಿನ ಮುಂದೆ ಒಂದು ದೊಡ್ಡ ಫ್ಯಾನ್ ಇಟ್ಟರು, ಕಾರು ಓಡುತ್ತಿದ್ದರೆ ಬೀಳುವ ಗಾಳಿಗೆ ಬದಲಾಗಿ. ನಡುವಿನ ಗಾಳಿಕಿಂಡಿಗೆ ಕಡ್ಡಿಯಂತಹ ಥರ್ಮಾಮೀಟರ್ ಚುಚ್ಚಿದರು. ಭಾವ ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಎಂಜಿನ್ನನ್ನು ಒಂದೇ ವೇಗದಲ್ಲಿ ಹಿಡಿದರು. ಇನ್ನು 30 ಗ್ರಾಂ. ಕಾಯುವುದು. ಇನ್ನು 30. ಕಾಯುವುದು. ಡ್ರೈಯರಿನ ತಲೆಯ ಮೇಲೆ ಗುಂಡಿಯಷ್ಟು ಗಾಜಿದೆ. ಅದರಲ್ಲಿ ಗುಳ್ಳೆಗಳ ಓಟ ಕಡಿಮೆಯಾಗುತ್ತಾ ಬಂತು. ಗಾಜು ತಿಳಿಯಾಯಿತೆಂದರೆ ತುಂಬಿತೆಂದು ಹಲವರು ನಂಬುತ್ತಾರೆ. ಆದರೆ ಪೂರ್ತಿ ಖಾಲಿಯಾದ ಎಸಿಯ ಗಾಜೂ ತಿಳಿಯಾಗಿಯೇ ಇರುತ್ತದೆ, ಅತಿಯಾಗಿ ತುಂಬಿದ್ದೂ ಹಾಗೆಯೇ. ಗಾಜು, ಗೇಜು, ತಕ್ಕಡಿ, ಥರ್ಮಾಮೀಟರ್ ನಾಲ್ಕೂ ಒಂದೇ ಮಾತು ಹೇಳಬೇಕು.

490 ಗ್ರಾಮಿಗೆ ಉಸ್ತಾದ್ ವಾಲ್ವ್ ಮುಚ್ಚಿದರು. ಗಲ್ಲಿಯ ನೆರಳಿನಲ್ಲಿ 34 ಡಿಗ್ರಿ. ನೀಲಿ ಗೇಜು 35 ಪೌಂಡ್, ಕೆಂಪು 220. ಕಿಂಡಿಯಿಂದ ಬರುವ ಗಾಳಿ 9 ಡಿಗ್ರಿ. ಕಾರಿನ ಕೆಳಗಿನ ಸಣ್ಣ ಪೈಪಿನಿಂದ ನೀರು ತೊಟ್ಟಿಕ್ಕತೊಡಗಿತು. ಗಾಳಿಯಲ್ಲಿದ್ದ ತೇವ ಕಾಯಿಲ್‌ಗೆ ತಾಗಿ ಇಳಿಯುವ ನೀರದು, ಸೋರಿಕೆಯೆಂದು ಹೆದರಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಅದು ಇನ್ನೂ ಹೆಚ್ಚು ಬೀಳುತ್ತದೆ. ಆ ತೇವವನ್ನು ನೀರಾಗಿಸಲೂ ಎಸಿ ದುಡಿಯಬೇಕಾದ್ದರಿಂದ ಗಾಳಿಯ ತಂಪು ಬೆಂಗಳೂರಿಗಿಂತ ಒಂದೆರಡು ಡಿಗ್ರಿ ಹಿಂದೆ ಬೀಳುವುದು ಸಹಜ.

"ಉಳಿದ ಹತ್ತು ಗ್ರಾಂ?" ಎಂದು ಭಾವ ಕೇಳಿದರು. ಉಪ್ಪು ಹೆಚ್ಚಾದ ಸಾರಿನ ಉದಾಹರಣೆ ಕೊಟ್ಟರು ಉಸ್ತಾದ್. ಗ್ಯಾಸು ಹೆಚ್ಚಾದಷ್ಟೂ ತಂಪು ಹೆಚ್ಚೆಂಬುದು ತಪ್ಪು ತಿಳುವಳಿಕೆ. ಅತಿಯಾದರೆ ಕಂಡೆನ್ಸರ್ ದ್ರವದಿಂದ ತುಂಬಿ ಬಿಸಿ ಬಿಡಲು ಜಾಗವೇ ಇಲ್ಲದಾಗುತ್ತದೆ, ಒತ್ತಡ ಏರುತ್ತದೆ, ದ್ರವವೇ ಕಂಪ್ರೆಸರಿಗೆ ನುಗ್ಗಿದರೆ ಕಂಪ್ರೆಸರ್ ಮುರಿಯುತ್ತದೆ. 796 ಸಿಸಿಯ ಪುಟ್ಟ ಎಂಜಿನ್ನಿಗೆ ಶಿರಾಡಿ ಘಾಟಿ ಹತ್ತುವಾಗ ಆ ಹೊರೆ ಬೇರೆ.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಅಗ್ಗಕ್ಕೆ ಸಿಗುವ ಡಬ್ಬಿಗಳಲ್ಲಿ ಏನಿದೆ ಎಂದು ತಿಳಿಯದೆ ಹಾಕಿಸಬೇಡಿ. ಅಡುಗೆ ಗ್ಯಾಸನ್ನೇ ತುಂಬುವವರೂ ಇದ್ದಾರೆ. ಅದು ತಂಪು ಕೊಡುತ್ತದೆ, ಸುಳ್ಳಲ್ಲ. ಆದರೆ ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಮಕ್ಕಳು ಕುಳಿತ ಕೋಣೆಯೊಳಗೆ. ಅಲ್ಲಿ ಸೋರಿದರೆ ಒಂದು ಕಿಡಿ ಸಾಕು. 2011ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಹಡಗಿನ ತಂಪು ಕಂಟೇನರುಗಳು ಸ್ಫೋಟಿಸಿ ಕೆಲಸಗಾರರು ಸತ್ತರು. ಆರ್-134ಎ ಎಂದು ತುಂಬಿದ್ದು ಕಲಬೆರಕೆ ಗ್ಯಾಸಾಗಿತ್ತು.

ನಾವು ಹೊರಡುವ ಹೊತ್ತಿಗೆ ಗಲ್ಲಿಯ ಬಾಯಲ್ಲಿ ಲಾರಿಯೊಂದು ನಿಂತಿತ್ತು. ಚಾಲಕ ತನ್ನ ಕ್ಯಾಬಿನ್ನಿಗೆ ಎಸಿ ಹಾಕಿಸಲು ಎಷ್ಟಾಗುತ್ತದೆಂದು ವಿಚಾರಿಸುತ್ತಿದ್ದ. ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಕಾರ್ಖಾನೆಯಲ್ಲೇ ಎಸಿ ಇರಬೇಕೆಂದು ಕೇಂದ್ರ ಸರಕಾರ ನಿಯಮ ಮಾಡಿದೆ. ಅದಕ್ಕೂ ಮೊದಲಿನ ಲಾರಿಗಳ ಚಾಲಕರಿಗೆ ಇಂತಹ ಗಲ್ಲಿಗಳೇ ಗತಿ.

ಉಸ್ತಾದ್ ಒಂದು ಚೀಟಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿದರು: ದಿನಾಂಕ, ಆರ್-134ಎ, 490 ಗ್ರಾಂ, 35, 220, ಹೊರಗೆ 34, ಒಳಗೆ 9. ನಿಮ್ಮ ಕಾರಿನ ಎಸಿ ಮಾಡಿಸುವಾಗ ನೀವೂ ಇಂತಹ ಚೀಟಿ ಕೇಳಿ ಪಡೆಯಿರಿ. ತೂಗದೆ ಹಾಕುವವನು ಬರೆದು ಕೊಡಲು ಹಿಂಜರಿಯುತ್ತಾನೆ, ಅದರಿಂದಲೇ ನಿಮಗೆ ತಿಳಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಭಾವ ಊರಿನಲ್ಲೇ ಥರ್ಮಾಮೀಟರ್ ಚುಚ್ಚಿ ನೋಡಿದರು. ಕರಾವಳಿಯ ಆ ಸೆಕೆಗೆ 11 ಡಿಗ್ರಿ. ಒಂದು ಗ್ರಾಂ ಗ್ಯಾಸೂ ಹೊಸದಾಗಿ ಹಾಕಿರಲಿಲ್ಲ.

ಹೊರಡುವಾಗ ಉಸ್ತಾದ್ ಮತ್ತೊಂದು ಮಾತು ಹೇಳಿದ್ದರು. ಮಳೆಗಾಲದಲ್ಲಿ ಎಸಿಯನ್ನು ತಿಂಗಳುಗಟ್ಟಲೆ ಮಲಗಿಸಬಾರದು, ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಬೇಕು. ಇಲ್ಲದಿದ್ದರೆ ಕಂಪ್ರೆಸರಿನ ಸೀಲಿಗೆ ಎಣ್ಣೆ ತಾಗದೆ ಒಣಗಿ, ಅಲ್ಲಿಂದಲೇ ಸೋರಿಕೆ ಶುರು. ಮಳೆಯಲ್ಲಿ ಗಾಜಿಗೆ ಮುಸುಕುವ ಹಬೆಯೂ ಅದರಿಂದ ಹೋಗುತ್ತದೆ. ಭಾವ ಇದನ್ನು ತಪ್ಪದೆ ಪಾಲಿಸುತ್ತಾರೆ. ಜುಲೈ ತಿಂಗಳ ಜಡಿಮಳೆಯಲ್ಲಿ ಎಸಿ ಹಾಕಿದಾಗಲೆಲ್ಲ ಉಮ್ಮ, "ಹೊರಗೂ ಚಳಿ, ಒಳಗೂ ಚಳಿ, ನಿಮಗೆಲ್ಲ ಏನಾಗಿದೆ?" ಎಂದು ಬೈಯುತ್ತಾರೆ. ಆಮೇಲೆ ಶಾಲು ಎಳೆದುಕೊಂಡು, ಹತ್ತು ನಿಮಿಷ ಆಯಿತೇ ಎಂದು ಕೇಳುತ್ತಾ ಕುಳಿತಿರುತ್ತಾರೆ.